ಮನೆಯಲ್ಲಿದ್ದುದರಲ್ಲೇ ಅಡುಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮಳೆಗಾಲದ ಅಡುಗೆಮನೆಯೇ ತುಂಬಿಕೊಂಡಿದೆ. ಪೇಟೆಗೆ ಹೋಗಲಾಗದ ದಿನ, ತರಕಾರಿ ಬುಟ್ಟಿ ಬರಿದಾದ ದಿನ ಮಾಡುವುದೇನು ಎಂದು ಹಲವರು ಕೇಳಿದ್ದಾರೆ. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಯಲ್ಲಾಪುರ ಕಡೆಯವನು. ಕಾರವಾರದಲ್ಲಿ ಕೋಣೆ ಮಾಡಿಕೊಂಡು ಓದುತ್ತಿದ್ದೇನೆ. ಒಂದು ಇಂಡಕ್ಷನ್ ಒಲೆ, ಕುಕ್ಕರ್, ಸಣ್ಣ ಬಾಣಲೆ ಇವೆ. ಮಿಕ್ಸರ್ ಇಲ್ಲ, ಕಾಯಿ ತುರಿಯುವ ಮಣೆಯೂ ಇಲ್ಲ. ರಾತ್ರಿ ನೂಡಲ್ಸ್ ತಿಂದು ಸಾಕಾಗಿದೆ. ಮನೆಯ ತಂಬುಳಿ ನೆನಪಾಗುತ್ತದೆ. ಆದರೆ ಇಲ್ಲಿ ಒಂದೆಲಗ ಎಲ್ಲಿಂದ ತರಲಿ?
– ವಿದ್ಯಾರ್ಥಿ, ಕಾರವಾರ

ಉತ್ತರ: ತಮ್ಮಾ, ತಂಬುಳಿಗೆ ಒಂದೆಲಗವೇ ಆಗಬೇಕೆಂದು ಯಾರು ಹೇಳಿದರು? ನಮ್ಮ ಶಿರಸಿ ಕಡೆ ಹಿತ್ತಿಲಿಗೆ ಇಳಿದಾಗ ಯಾವ ಕುಡಿ ಕಣ್ಣಿಗೆ ಬೀಳುತ್ತದೆಯೋ ಅದೇ ಅಂದಿನ ತಂಬುಳಿ. ದೊಡ್ಡಪತ್ರೆ ಆದೀತು, ಕರಿಬೇವು ಆದೀತು. ಸೊಪ್ಪೇ ಸಿಗದ ದಿನ ಮೆಂತೆ ಕಾಳು, ಶುಂಠಿ, ಒಣಗಿಸಿಟ್ಟ ನೆಲ್ಲಿಕಾಯಿ, ಕೊನೆಗೆ ದಾಳಿಂಬೆಯ ಸಿಪ್ಪೆಯಲ್ಲೂ ತಂಬುಳಿ ಆಗುತ್ತದೆ. ವಸ್ತು ಬದಲಾದರೂ ಕ್ರಮ ಒಂದೇ. ಅದನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಬೇಕು, ಕಾಯಿ ಸೇರಿಸಿ ಅರೆಯಬೇಕು, ಮಜ್ಜಿಗೆಗೆ ಕದಡಬೇಕು. ಈ ಕ್ರಮ ಕೈಗೆ ಕೂತವನು ಯಾವ ಊರಿನಲ್ಲಿಯೂ ತಂಬುಳಿ ಉಣ್ಣಬಲ್ಲ.

ನಿನ್ನಲ್ಲಿ ಮಿಕ್ಸರ್ ಇಲ್ಲದಿರುವುದರಿಂದ ಜಜ್ಜಿದರೆ ಸಾಕಾಗುವ ವಸ್ತುವನ್ನೇ ಹಿಡಿದುಕೊ. ಒಂದು ಸಣ್ಣ ಕಲ್ಲಿನ ಕುಟ್ಟಾಣಿ ಕೊಂಡುಕೊ. ಹೆಬ್ಬೆರಳ ತುದಿಯಷ್ಟು ಶುಂಠಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಇವನ್ನು ಒಂದು ಚಮಚ ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು ಜಜ್ಜಿ, ಉಪ್ಪು ಬೆರೆಸಿದ ಮಜ್ಜಿಗೆಗೆ ಹಾಕು. ಕಾಯಿ ಬಿಟ್ಟರೂ ನಡೆಯುತ್ತದೆ, ಆದರೆ ಆಗ ಮಜ್ಜಿಗೆ ನೀರಾಗಿರಬಾರದು. ಗಟ್ಟಿ ಮೊಸರನ್ನು ಸ್ವಲ್ಪವೇ ನೀರು ಹಾಕಿ ಕಡೆದುಕೊ. ಮಜ್ಜಿಗೆ ಸೇರಿದ ಮೇಲೆ ಒಲೆಯ ಮೇಲಿಡಬೇಡ, ಒಡೆದುಹೋಗುತ್ತದೆ.

ದೊಡ್ಡಪತ್ರೆಯ ಒಂದು ಟಿಸಿಲನ್ನು ಊರಿನಿಂದ ತಂದು ಡಬ್ಬಿಯ ಮಣ್ಣಿಗೆ ಚುಚ್ಚಿ ಕಿಟಕಿಯಲ್ಲಿಡು. ಅದಕ್ಕೆ ಬೇರು ಬಿಡಲು ಹೆಚ್ಚು ಆರೈಕೆ ಬೇಡ. ಎಲೆ ದಪ್ಪಗೆ ರಸವತ್ತಾಗಿರುವುದರಿಂದ ತುಪ್ಪದಲ್ಲಿ ಬಾಡಿದರೆ ಕುಟ್ಟಾಣಿಯಲ್ಲೇ ಮೆತ್ತಗಾಗುತ್ತದೆ. ಹಸಿ ವಾಸನೆ ಹೋಗುವವರೆಗೆ ಬಾಡಿಸುವುದನ್ನು ಮರೆಯಬೇಡ. ತುಪ್ಪವನ್ನು ಕಂಡು ಹೆದರುವುದೂ ಬೇಡ. ಸೊಪ್ಪಿನಲ್ಲಿರುವ ಕ್ಯಾರೋಟಿನ್ ದೇಹಕ್ಕೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕೇ ಬೇಕು.

ಇನ್ನೊಂದು ಮಾತು. ತಂಬುಳಿ ಅನ್ನವನ್ನಷ್ಟೇ ಉಂಡು ಮಲಗಬೇಡ. ಓದುವ ವಯಸ್ಸಿನ ಹುಡುಗನಿಗೆ ಪ್ರೋಟೀನ್ ಬೇಕು, ಒಂದು ಲೋಟ ಮಜ್ಜಿಗೆಯಲ್ಲಿರುವುದು ಸಾಲದು. ಬೆಳಿಗ್ಗೆ ಹೋಗುವಾಗ ಒಂದು ಹಿಡಿ ಹೆಸರುಕಾಳು ನೆನೆಹಾಕಿ ಹೋಗು. ರಾತ್ರಿ ಕುಕ್ಕರಿನಲ್ಲಿ ಅನ್ನದ ಮೇಲೆಯೇ ಸಣ್ಣ ಪಾತ್ರೆಯಲ್ಲಿಟ್ಟು ಬೇಯಿಸಿ ನಿಂಬೆರಸ, ಈರುಳ್ಳಿ ಕಲಸಿಕೊ. ಮೊಳಕೆ ಬರಿಸಿದರೂ ಈ ತೇವದ ಹವೆಯಲ್ಲಿ ಹಸಿಯಾಗಿ ತಿನ್ನಬೇಡ, ಬೇಯಿಸಿಯೇ ತಿನ್ನು. ಮೊಟ್ಟೆ ತಿನ್ನುವವನಾದರೆ ಚಿಂತೆಯೇ ಇಲ್ಲ. ಮೀನು ತಿನ್ನುವವನಾದರೆ ಈಗ ಸ್ವಲ್ಪ ತಡೆದುಕೊ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ, ಪೇಟೆಯಲ್ಲಿ ಬೆಲೆಯೂ ಏರಿರುತ್ತದೆ. ಆಗಸ್ಟ್ ಕಳೆದ ಮೇಲೆ ಬಾಂಗಡೆಯನ್ನೋ ತಾರ್ಲೆಯನ್ನೋ (ಬೂತಾಯಿ) ತಂದು ಅರಿಶಿನ, ಉಪ್ಪು, ಸೀಳಿದ ಹಸಿಮೆಣಸು, ಮುರುಗಲ (ಕೋಕಂ) ಸಿಪ್ಪೆ, ಒಂದು ಚಮಚ ಕೊಬ್ಬರಿ ಎಣ್ಣೆ, ಮೀನು ಅರ್ಧ ಮುಳುಗುವಷ್ಟು ನೀರು ಹಾಕಿ ಮುಚ್ಚಿ ಬೇಯಿಸು. ಅರೆಯುವ ಮಸಾಲೆ ಏನೂ ಬೇಡ. ಒಮೆಗಾ 3 ಕೊಬ್ಬಿಗಾಗಿ ಜನ ಗುಳಿಗೆ ನುಂಗುತ್ತಾರೆ, ಅದು ಈ ಎರಡು ಮೀನುಗಳಲ್ಲೂ ಹೇರಳವಾಗಿದೆ.

ಪ್ರಶ್ನೆ: ಮೊನ್ನೆ ಕೆಸುವಿನ ಸೊಪ್ಪಿನ ಹುಳಿ ಮಾಡುವಾಗ ಹುಣಸೆಹಣ್ಣು ಮುಗಿದಿತ್ತು. ಇಳಿಸಿದ ಮೇಲೆ ನಿಂಬೆರಸ ಹಿಂಡಿದೆ. ಮನೆಮಂದಿಗೆಲ್ಲ ಗಂಟಲು ತುರಿಸಿತು. ತಪ್ಪಿದ್ದೆಲ್ಲಿ?
– ಗೃಹಿಣಿ, ಹೊನ್ನಾವರ

ಉತ್ತರ: ಹುಳಿ ತಡವಾಯಿತು, ಬೇಯುವಿಕೆಯೂ ಸಾಲದೆ ಹೋಗಿರಬೇಕು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಯಂತಹ ಹರಳುಗಳಾಗಿ ಕೂತಿರುತ್ತದೆ. ಬಾಯಿ, ಗಂಟಲಿಗೆ ಚುಚ್ಚುವುದು ಅದೇ. ಆದ್ದರಿಂದಲೇ ನಮ್ಮ ಹಿರಿಯರು ಸೊಪ್ಪು ಒಲೆಗೇರುವಾಗಲೇ ಹುಳಿ ಹಾಕಿ, ಎಲೆ ಕರಗಿ ಮುದ್ದೆಯಾಗುವವರೆಗೆ ಬೇಯಿಸುತ್ತಿದ್ದರು. ಹುಣಸೆ ಇಲ್ಲದಿದ್ದರೆ ಮುರುಗಲ ಸಿಪ್ಪೆ, ಉಪ್ಪಾಗೆ ಸಿಪ್ಪೆ, ಒಣಗಿಸಿದ ವಾಟೆಹುಳಿ ಯಾವುದಾದರೂ ಸರಿ. ನಮ್ಮ ಜಿಲ್ಲೆಯ ಅಡುಗೆಮನೆಯಲ್ಲಿ ಹುಳಿಗೆ ಬರವಿಲ್ಲ. ಇವೆಲ್ಲ ಕುದಿತವನ್ನು ತಾಳಿಕೊಳ್ಳುತ್ತವೆ. ನಿಂಬೆ ತಾಳಿಕೊಳ್ಳುವುದಿಲ್ಲ, ಹೆಚ್ಚು ಕುದಿಸಿದರೆ ಕಹಿಯಾಗುತ್ತದೆ. ಹಾಗಾಗಿ ಕೆಸುವಿಗೆ ನಿಂಬೆಯನ್ನು ನೆಚ್ಚಿಕೊಳ್ಳಬೇಡಿ.

ಇಲ್ಲೊಂದು ತೊಡಕಿದೆ. ಹುಳಿ ಬಿದ್ದ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ಕೆಸುವಿಗೆ ಮೊದಲೇ ಹುಳಿ ಬೇಕು, ಬೇಳೆಗೆ ಬೇಡ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕೂಗಿಸಿದರೆ ಒಂದಲ್ಲ ಒಂದು ಹಸಿಯಾಗಿ ಉಳಿಯುತ್ತದೆ. ಬೇರೆಬೇರೆ ಬೇಯಿಸಿ, ಕೊನೆಗೆ ಕೂಡಿಸಿ ಒಂದು ಕುದಿ ಬರಿಸಿ. ಎಲೆ ಹೆಚ್ಚುವಾಗ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಮೂತ್ರಪಿಂಡದ ಕಲ್ಲು ಆದವರು ಮನೆಯಲ್ಲಿದ್ದರೆ ಅವರಿಗೆ ಕೆಸು ಬಡಿಸದಿರುವುದೇ ಕ್ಷೇಮ.

ಪ್ರಶ್ನೆ: ಹಿತ್ತಿಲಿನಲ್ಲಿ ಚಕ್ರಮುನಿ ಗಿಡ ಬೇಲಿಯಂತೆ ಬೆಳೆದಿದೆ. ಅದರ ಹಸಿ ರಸ ದಿನಾ ಕುಡಿದರೆ ತೂಕ ಇಳಿಯುತ್ತದೆ ಎಂದು ಮೊಬೈಲಿನಲ್ಲಿ ಬಂದ ವಿಡಿಯೊ ನೋಡಿದೆ. ಶುರು ಮಾಡಲೇ?
– ಓದುಗರು, ಅಂಕೋಲಾ

ಉತ್ತರ: ದಯವಿಟ್ಟು ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ಜನ ತೂಕ ಇಳಿಸಲೆಂದೇ ಈ ಸೊಪ್ಪಿನ ಹಸಿ ರಸವನ್ನು ದಿನವೂ ಕುಡಿದರು. ಅನೇಕರ ಶ್ವಾಸಕೋಶದ ಸಣ್ಣ ನಾಳಗಳು ಮತ್ತೆ ಸರಿಯಾಗದಂತೆ ಹಾಳಾದವು, ಕೆಲವರ ಪ್ರಾಣವೇ ಹೋಯಿತು. ವಿಟಮಿನ್ ಸೊಪ್ಪು ಎಂಬ ಹೆಸರು ಕೇಳಿ ಎಷ್ಟು ತಿಂದರೂ ಒಳ್ಳೆಯದೇ ಎಂದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಬರೆಯುತ್ತಿದ್ದೇನೆ. ಯಾವಾಗಲೋ ಒಮ್ಮೆ ಒಂದು ಹಿಡಿ ಕುಡಿಯನ್ನು ಚೆನ್ನಾಗಿ ಬೇಯಿಸಿ ಪಲ್ಯಕ್ಕೋ ಹುಳಿಗೋ ಹಾಕಿ. ಉಳಿದ ದಿನಗಳಿಗೆ ಬಸಳೆ, ಹರಿವೆ, ನುಗ್ಗೆ ಸೊಪ್ಪು ಇವೆಯಲ್ಲ. ಬೇಲಿ ಬೇಲಿಯಾಗಿಯೇ ಇರಲಿ.

ಪ್ರಶ್ನೆ: ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಬೆಳಗಿನ ತಿಂಡಿಗೆ ಮೊಗೆಕಾಯಿ (ಮಂಗಳೂರು ಸೌತೆ) ತೆಳ್ಳೇವು, ಅಂದರೆ ತೆಳುದೋಸೆ, ಜೊತೆಗೆ ಜೋನಿಬೆಲ್ಲ ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಸಕ್ಕರೆಯಲ್ಲವಲ್ಲ, ಬೆಲ್ಲ ತಿಂದರೇನು ಎನ್ನುತ್ತಾರೆ.
– ಸೊಸೆ, ಸಿದ್ದಾಪುರ

ಉತ್ತರ: ಬೆಲ್ಲದಲ್ಲಿಯೂ ಬಹುಪಾಲು ಸಕ್ಕರೆಯೇ ಇದೆ. ರಕ್ತಕ್ಕೆ ಆ ಭೇದ ತಿಳಿಯುವುದಿಲ್ಲ. ನನ್ನ ಹೆಸರು ಹೇಳಿಯೇ ಅವರಿಗೆ ಓದಿ ಹೇಳಿ, ನಿಮ್ಮ ಮೇಲೆ ಬೇಸರವಾಗುವುದು ಬೇಡ. ತೆಳ್ಳೇವನ್ನು ಮಾತ್ರ ಬಿಡಿಸಬೇಡಿ. ಮೂರು ಪಾಲು ಅಕ್ಕಿಯಲ್ಲಿ ಒಂದು ಪಾಲು ತೆಗೆದು ಅಷ್ಟೇ ಹೆಸರುಕಾಳನ್ನು ರಾತ್ರಿಯೇ ನೆನೆಸಿಡಿ. ಮೊಗೆಕಾಯಿ ತುರಿಯನ್ನು ಧಾರಾಳವಾಗಿ ಹಾಕಿ ರುಬ್ಬಿ. ಹಿಟ್ಟು ತುಸು ದಪ್ಪವಾಗುತ್ತದೆ, ನೀರು ಸೇರಿಸಿ ಎಂದಿನಂತೆ ತೆಳ್ಳಗೆ ಎರೆಯಿರಿ. ಬೆಲ್ಲದ ಜಾಗಕ್ಕೆ ಕಾಯಿಚಟ್ನಿ ಇರಲಿ, ಅದಕ್ಕೆ ಹಿಡಿಯಷ್ಟು ಕೊತ್ತಂಬರಿ ಸೊಪ್ಪನ್ನೂ ಎರಡು ಸೂಜಿಮೆಣಸನ್ನೂ ಸೇರಿಸಿ ಅರೆದರೆ ಬೆಲ್ಲದ ನೆನಪು ಸ್ವಲ್ಪ ಹಿಂದೆ ಸರಿದೀತು. ತೆಳ್ಳಗಿದೆಯೆಂದು ಲೆಕ್ಕವಿಲ್ಲದೆ ತಿನ್ನುವಂತಿಲ್ಲ. ಅವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ತಿಂಡಿಯ ಪ್ರಮಾಣ ಬದಲಿಸುವ ಮೊದಲು ವೈದ್ಯರಿಗೆ ಒಂದು ಮಾತು ತಿಳಿಸಿ.

ಪ್ರಶ್ನೆ: ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ತೆಗೆಯುವ ಹರಳುಪ್ಪನ್ನೇ ಎಲ್ಲ ಅಡುಗೆಗೂ ಬಳಸಬಹುದೇ?
– ಓದುಗರು, ಕುಮಟಾ

ಉತ್ತರ: ಅಪ್ಪೆಮಿಡಿ ಉಪ್ಪಿಗೆ ಹಾಕಲು, ಹಲಸಿನ ತೊಳೆ ಉಪ್ಪುನೀರಿನಲ್ಲಿಡಲು ಹರಳುಪ್ಪೇ ಚೆನ್ನ. ದಿನದ ಸಾರು, ಪಲ್ಯಕ್ಕೆ ಅಯೋಡಿನ್ ಸೇರಿಸಿದ ಉಪ್ಪು ಇರಲಿ, ಮನೆಯಲ್ಲಿ ಬಸುರಿಯರು, ಮಕ್ಕಳು ಇದ್ದರಂತೂ ತಪ್ಪಿಸಬೇಡಿ. ಯಾವ ಉಪ್ಪಾದರೂ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸುಮಾರು ಒಂದು ಸಣ್ಣ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಇವುಗಳಲ್ಲಿರುವ ಉಪ್ಪೂ ಆ ಚಮಚದೊಳಗೇ ಬರಬೇಕು.