ಟೈಲ್ಸ್ ಕೀಳುವ ಮುನ್ನ ಪತ್ರ ಬರೆಯಿರಿ

ಸಿಡ್ನಿಯ ಮಾರ್ಸ್‌ಡನ್ ಪಾರ್ಕಿನ ನಿಮ್ಮ ಹೊಸ ಮನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಗೃಹಪ್ರವೇಶವಾಗಿ ಎಂಟು ತಿಂಗಳು. ಮಹಡಿಯ ಬಚ್ಚಲುಮನೆಯ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು, ಪಕ್ಕದ ಮಲಗುವ ಕೋಣೆಯ ಗೋಡೆ ಕಳೆದ ತಿಂಗಳಿನಿಂದ ಒದ್ದೆ. ಮೂರು ತಿಂಗಳ ಮೆಂಟೆನೆನ್ಸ್ ಅವಧಿ ಮುಗಿದಿದೆ ಎಂದು ಬಿಲ್ಡರ್ ಕೈ ತೊಳೆದುಕೊಂಡಿದ್ದಾನೆ. ಬೇರೆ ಕೆಲಸದವರನ್ನು ಕರೆಸಿ, ಕಿತ್ತು ಸರಿಮಾಡಿಸಿ, ಬಿಲ್ಲನ್ನು ಅವನಿಗೆ ಕಳಿಸಿದರೆ ಹೇಗೆ ಎಂದು ಕೇಳಿದ್ದೀರಿ. ಅದರ ಜೊತೆಗೆ ಮಕ್ಕಳ ಶಾಲೆ, ಸಿಡ್ನಿಯ ಚಳಿ, ಈ ದೇಶದಲ್ಲಿ ಬೇರು ಬಿಡಲು ಎಷ್ಟು ವರ್ಷ ಬೇಕು ಎಂದೂ.

ಶಾಲೆಯ ಚಿಂತೆ ಬಿಡಿ, ಹತ್ತಿರದ ಸರ್ಕಾರಿ ಶಾಲೆಗೇ ಸೇರಿಸಿ. ಚಳಿ ಜೂನ್‌ನಿಂದ ಆಗಸ್ಟ್‌ವರೆಗೆ. ಹೊರಗಿಗಿಂತ ಮನೆಯೊಳಗೇ ಹೆಚ್ಚು ಕೊರೆಯುತ್ತದೆ, ಒಳ್ಳೆಯ ರಜಾಯಿ ಕೊಳ್ಳಿ. ಬೇರಿನ ಮಾತು ಇನ್ನೊಮ್ಮೆ ಆಡೋಣ. ಆದರೆ ಆ ಟೈಲ್ಸ್ ಮಾತ್ರ ದಯವಿಟ್ಟು ಕೀಳಬೇಡಿ.

2007ರ ಜುಲೈನಲ್ಲಿ ನಾವು ವೆಸ್ಟ್‌ಮೀಡ್‌ನಲ್ಲಿ ಬಾಡಿಗೆ ಮನೆಗೆ ಹೋದಾಗ ಏಜೆಂಟ್ ಒಂದು ದಪ್ಪ ಫಾರ್ಮ್ ಕೊಟ್ಟಿದ್ದರು. ಮನೆಯ ಸ್ಥಿತಿಯ ವರದಿ. ಯಾವ ಗೋಡೆಯಲ್ಲಿ ಕಲೆ ಇದೆ, ಯಾವ ಕಾರ್ಪೆಟ್ ಸುಟ್ಟಿದೆ ಎಂದು ಬಾಡಿಗೆದಾರರೇ ಏಳು ದಿನದೊಳಗೆ ಬರೆದುಕೊಡಬೇಕು. ನಗುನಗುತ್ತಾ ಬೀಗದ ಕೈ ಕೊಟ್ಟವರ ಮನೆಯಲ್ಲಿ ಹುಳುಕು ಹುಡುಕುವುದೇ ಎಂದು ನಾನು ಹಾಗೆಯೇ ಸಹಿ ಹಾಕಿ ಕೊಟ್ಟೆ. ಎರಡು ವರ್ಷದ ನಂತರ ಮನೆ ಬಿಡುವಾಗ, ಮೊದಲೇ ಇದ್ದ ಇಸ್ತ್ರಿಪೆಟ್ಟಿಗೆಯ ಸುಟ್ಟ ಗುರುತಿಗಾಗಿ ನಮ್ಮ ಬಾಂಡ್ ಹಣದಲ್ಲಿ, ಅಂದರೆ ಮುಂಗಡ ಠೇವಣಿಯಲ್ಲಿ, 280 ಡಾಲರ್ ಮುರಿದುಕೊಂಡರು. ಆಗಲೇ ನಾನು ಕಲಿಯಬೇಕಿತ್ತು.

2016ರಲ್ಲಿ ಸ್ವಂತ ಮನೆ ಕಟ್ಟಿಸಿದೆವು. ನಮ್ಮ ಅಪ್ಪ ಮನೆ ಕಟ್ಟಿಸಿದ ಬಗೆಯನ್ನು ನಿಮಗೆ ವಿವರಿಸಬೇಕಾಗಿಲ್ಲ. ನಿಮ್ಮ ತಂದೆಯೂ ಹಾಗೆಯೇ ಕಟ್ಟಿಸಿರುತ್ತಾರೆ. ಮೇಸ್ತ್ರಿಯ ಜೊತೆ ದಿನವೂ ಜಗಳ, ದಿನವೂ ಕಾಫಿ. ಗಾರೆ ಬಿರುಕು ಬಿಟ್ಟರೆ ಹೇಳಿ ಕಳಿಸಿದರಾಯಿತು, ನಾಲ್ಕು ಬೈಗುಳ ಕೇಳಿಸಿಕೊಂಡು ಕರಣೆ ಹಿಡಿದು ಬರುತ್ತಿದ್ದ. ನಾನು ಇಲ್ಲಿನ ಸೈಟ್ ಸೂಪರ್‌ವೈಸರ್‌ನನ್ನೂ ಆ ಮೇಸ್ತ್ರಿಯ ಹಾಗೆಯೇ ಭಾವಿಸಿದೆ.

ಒಂದು ವರ್ಷವಾಗುವಷ್ಟರಲ್ಲಿ ಊಟದ ಕೋಣೆಯ ಚಾವಣಿಯಲ್ಲಿ ಚಹಾ ಚೆಲ್ಲಿದಂತಹ ಕಂದು ಕಲೆ ಕಾಣಿಸಿತು. ಅದರ ನೇರಕ್ಕೆ ಮೇಲೆ ಶವರ್. ಸ್ಕ್ರೂ ಡ್ರೈವರ್‌ನ ಹಿಡಿಯಿಂದ ಟೈಲ್ಸ್ ತಟ್ಟುತ್ತಾ ಹೋದೆ. ಗೋಡೆಯ ಬದಿಯಲ್ಲಿ ಗಟ್ಟಿ ಸದ್ದು, ಡ್ರೈನ್ ಹತ್ತಿರವಾದಂತೆ ಬರಿಯ ಡಬ್ಬ ತಟ್ಟಿದ ಹಾಗೆ. ನೀರು ಡ್ರೈನ್ ಕಡೆಗೆ ಹರಿಯದೆ ಬಾಗಿಲ ಮೂಲೆಯಲ್ಲಿ ನಿಲ್ಲುತ್ತಿತ್ತು. ಅಲ್ಲಿನ ಸಂದಿಯ ಸಿಲಿಕೋನ್ ಬೆರಳಿಗೆ ಅಂಟಿಕೊಂಡು ಎದ್ದುಬಂತು, ಅದರಡಿ ಕಪ್ಪು ಬೂಷ್ಟು. ಫೋನ್ ಮಾಡಿದೆ. "ಶುಕ್ರವಾರ ಬಂದು ನೋಡುತ್ತೇನೆ" ಎಂದ ಆ ಸೂಪರ್‌ವೈಸರ್. ಐದು ತಿಂಗಳಲ್ಲಿ ಹನ್ನೊಂದು ಸಲ ಫೋನ್ ಮಾಡಿದೆ. ಎರಡು ಸಲ ಬಂದು ಸಿಲಿಕೋನ್ ಬಳಿದು ಹೋದ. ನಾನು ಒಂದೇ ಒಂದು ಇಮೇಲ್ ಬರೆಯಲಿಲ್ಲ. ಬರೆದರೆ ಮನಸ್ತಾಪವಾದೀತು ಎಂಬ ದಾಕ್ಷಿಣ್ಯ.

ಅಷ್ಟರಲ್ಲಿ ಅಮ್ಮ ಊರಿನಿಂದ ಬರುವ ದಿನ ಹತ್ತಿರವಾಯಿತು. ಮಗ ಕಟ್ಟಿಸಿದ ಮನೆ ಸೋರುವುದು ಅವರ ಕಣ್ಣಿಗೆ ಬೀಳಬಾರದು ಎಂಬ ಹಟಕ್ಕೆ ಬೇರೆ ಕೆಲಸದವರನ್ನು ಕರೆಸಿ ಶವರ್ ಪೂರ್ತಿ ಕೀಳಿಸಿದೆ. ನೀರು ತಡೆಯಬೇಕಾದ ಪದರ ಮೂಲೆಗಳಲ್ಲಿ ಹರಿದಿತ್ತು, ಡ್ರೈನ್ ಸುತ್ತ ಅಂಟಿಯೇ ಇರಲಿಲ್ಲ. ಕಣ್ಣಾರೆ ಕಂಡೆ, ಕೈಯಲ್ಲಿ ಹಿಡಿದು ನೋಡಿದೆ. ಫೋಟೊ ತೆಗೆಯಲಿಲ್ಲ. "ಒಂದು ತುಂಡಾದರೂ ಇಟ್ಟುಕೊಳ್ಳಿ" ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಸಂಜೆಯ ಹೊತ್ತಿಗೆ ಎಲ್ಲವೂ ಕಸದ ತೊಟ್ಟಿ ಸೇರಿತ್ತು. ಖರ್ಚು 9,400 ಡಾಲರ್.

ಬಿಲ್ಡರ್‌ಗೆ ಬಿಲ್ ಕಳಿಸಿದ್ದಕ್ಕೆ ಐದು ಸಾಲಿನ ಉತ್ತರ ಬಂತು. ದೋಷವನ್ನು ಲಿಖಿತವಾಗಿ ತಿಳಿಸಿಲ್ಲ, ಸರಿಪಡಿಸಲು ನಮಗೆ ಅವಕಾಶ ಕೊಟ್ಟಿಲ್ಲ, ದೋಷವಿತ್ತು ಎನ್ನುವುದಕ್ಕೆ ಸಾಕ್ಷಿಯಿಲ್ಲ. ಇಂತಹ ವ್ಯಾಜ್ಯಗಳನ್ನು ತೀರ್ಮಾನಿಸುವ ಟ್ರಿಬ್ಯುನಲ್‌ವರೆಗೂ ಹೋದೆ. ಅಲ್ಲಿ ಯಾರೂ ನನ್ನನ್ನು ಸುಳ್ಳುಗಾರ ಎನ್ನಲಿಲ್ಲ. ಫೋಟೊ ಇದೆಯೇ, ಪರಿಣತರ ವರದಿ ಇದೆಯೇ, ಪತ್ರ ಇದೆಯೇ ಎಂದು ಸಮಾಧಾನದಿಂದಲೇ ಕೇಳಿದರು. ಮೂರಕ್ಕೂ ಇಲ್ಲ ಎಂದೆ. ರಾಜಿ ಮಾತುಕತೆಯಲ್ಲಿ 1,500 ಡಾಲರ್‌ಗೆ ಒಪ್ಪಿಕೊಂಡು ಹೊರಬಂದೆ. ಅಮ್ಮ ಮೂರು ತಿಂಗಳು ಆ ಬಚ್ಚಲುಮನೆಯಲ್ಲೇ ಸ್ನಾನ ಮಾಡಿ, ಎಷ್ಟು ಚೆನ್ನಾಗಿ ಕಟ್ಟಿಸಿದ್ದೀಯ ಎಂದು ಹೊಗಳಿ ಊರಿಗೆ ಮರಳಿದ್ದರು. ಅವರಿಗೆ ನಿಜ ಹೇಳಲು ಕೊನೆಗೂ ಆಗಲಿಲ್ಲ.

ಈಗ ನಿಮ್ಮ ವಿಷಯ. ಮೂರು ತಿಂಗಳ ಮಾತಿಗೆ ಹೆದರಬೇಡಿ, ಅದು ಒಪ್ಪಂದದಲ್ಲಿ ಬರೆದುಕೊಂಡ ಅವಧಿ. ನಮ್ಮ ರಾಜ್ಯ ನ್ಯೂ ಸೌತ್ ವೇಲ್ಸ್‌ನ 1989ರ ಹೋಮ್ ಬಿಲ್ಡಿಂಗ್ ಆಕ್ಟ್ ಕೊಡುವ ವಾರಂಟಿಯೇ ಬೇರೆ. ಯಾವ ಒಪ್ಪಂದವೂ ಅದನ್ನು ಮೊಟಕುಗೊಳಿಸಲಾರದು. ಕೆಲಸ ಮುಗಿದ ದಿನದಿಂದ ಭಾರಿ ದೋಷಗಳಿಗೆ 6 ವರ್ಷ, ಉಳಿದವಕ್ಕೆ 2 ವರ್ಷ. ನೀರು ತಡೆಯುವ ಪದರವನ್ನು ಕಾನೂನು ಮನೆಯ ಮುಖ್ಯ ಅಂಗಗಳಲ್ಲಿ ಎಣಿಸುತ್ತದೆ. ಹಾಗೆಂದು ಅದರ ಪ್ರತಿಯೊಂದು ಕೊರತೆಯೂ ಭಾರಿ ದೋಷ ಎನಿಸಿಕೊಳ್ಳುವುದಿಲ್ಲ. ಮನೆಯ ಒಂದು ಭಾಗ ವಾಸಕ್ಕೆ ಬಾರದಂತೆ ಅಥವಾ ಹಾಳಾಗಿ ಹೋಗುವಂತೆ ಮಾಡುವಷ್ಟಿರಬೇಕು. ಆ ವಾದಕ್ಕೆ ಇಳಿಯುವ ಗೊಡವೆಯೇ ನಿಮಗೆ ಬೇಡ. ಎಂಟು ತಿಂಗಳಷ್ಟೇ ಆಗಿದೆ, ಎರಡು ವರ್ಷದ ಲೆಕ್ಕವನ್ನೇ ಹಿಡಿಯಿರಿ. ದೂರು ಕೊಟ್ಟ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ. ಟ್ರಿಬ್ಯುನಲ್‌ಗೆ ಹೋಗುವುದಾದರೆ ಅರ್ಜಿ ಆ ಗಡುವಿನೊಳಗೇ ಬೀಳಬೇಕು.

ಮೊದಲು ಪತ್ರ. ದೋಷ ಕಂಡ ಆರು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕಾನೂನು ನಿರೀಕ್ಷಿಸುತ್ತದೆ. ಇಮೇಲ್ ಸಾಕು. ಯಾವ ಕೋಣೆ, ಯಾವ ಗೋಡೆ, ಯಾವ ದಿನ ಮೊದಲು ಕಂಡಿತು, ಫೋಟೊಗಳು, ಎಷ್ಟು ದಿನದೊಳಗೆ ಬಂದು ನೋಡಬೇಕು ಎಂಬುದು. ಸಿಟ್ಟಿನ ಒಂದು ಪದವೂ ಬೇಡ. ಫೋನಿನಲ್ಲಿ ಮಾತನಾಡಿದರೆ ಅದೇ ಸಂಜೆ "ಇಂದು ನಾವು ಹೀಗೆ ಮಾತನಾಡಿದೆವು" ಎಂದು ಮತ್ತೊಂದು ಇಮೇಲ್ ಹಾಕಿ. ಇದು ಅವಮಾನ ಮಾಡುವುದಲ್ಲ, ಇಲ್ಲಿನವರು ಯಾರೂ ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ. ಇದು ನನಗೆ ಗೊತ್ತಾಗಲು ಹತ್ತು ವರ್ಷ ಹಿಡಿಯಿತು.

ಆಮೇಲೆ ಅವನು ಬಂದರೆ ಒಳಗೆ ಬಿಡಿ. ಇದೇ ನಮ್ಮಂಥವರಿಗೆ ನುಂಗಲಾರದ ತುತ್ತು. ಕೆಲಸ ಕೆಡಿಸಿದವನ ಕೈಗೇ ಮತ್ತೆ ಕೊಡುವುದೇ ಎಂದು ರಕ್ತ ಕುದಿಯುತ್ತದೆ. ಆದರೆ ಕೆಡಿಸಿದವನೇ ಬಂದು ಸರಿಪಡಿಸುವುದು ಒಳ್ಳೆಯದು ಎಂದು ಆ ಕಾಯ್ದೆಯಲ್ಲೇ ಬರೆದಿದೆ. ಟ್ರಿಬ್ಯುನಲ್ ಕೂಡ ಮೊದಲು ಅದನ್ನೇ ನೋಡುತ್ತದೆ. ಸಕಾರಣವಿಲ್ಲದೆ ಬಾಗಿಲು ಹಾಕಿದರೆ ಅದು ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಅವನು ಬರುವ ಮುಂಚೆ ನಿಮ್ಮದೇ ಖರ್ಚಿನಲ್ಲಿ ಸ್ವತಂತ್ರ ಪರಿಣತರಿಂದ ವರದಿ ಮಾಡಿಸಿ. ತೇವ ಅಳೆಯುವ ಮೀಟರ್ ಇಟ್ಟು ಗೋಡೆಯುದ್ದಕ್ಕೂ ಅಳೆದು ಬರೆಯುತ್ತಾರೆ. ಆಕ್ಯುಪೇಶನ್ ಸರ್ಟಿಫಿಕೇಟ್ ಇದೆಯಲ್ಲ ಎಂದು ಬರೆದಿದ್ದೀರಿ. ಅದು ಮನೆ ವಾಸಕ್ಕೆ ತಕ್ಕದ್ದು ಎನ್ನುವ ಪತ್ರ, ಪ್ರತಿ ಟೈಲ್ ಸರಿಯಾಗಿ ಕೂತಿದೆ ಎನ್ನುವ ಖಾತರಿಯಲ್ಲ.

ಉತ್ತರವೇ ಬಾರದಿದ್ದರೆ ಬಿಲ್ಡಿಂಗ್ ಕಮಿಷನ್ ಎನ್‌ಎಸ್‌ಡಬ್ಲ್ಯೂಗೆ ದೂರು ಕೊಡಿ. ಕಟ್ಟಡ ಕೆಲಸದ ಮೇಲೆ ಕಣ್ಣಿಡಲು 2023ರ ಡಿಸೆಂಬರ್‌ನಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ, ದೂರಿಗೆ ಶುಲ್ಕವಿಲ್ಲ. ಇನ್‌ಸ್ಪೆಕ್ಟರ್ ನಿಮ್ಮಿಬ್ಬರನ್ನೂ ಮನೆಯಲ್ಲೇ ಸೇರಿಸಿ ನೋಡಿ, ದೋಷ ಕಂಡರೆ ಸರಿಪಡಿಸುವಂತೆ ಆದೇಶ ಕೊಡಬಲ್ಲರು. ಅಲ್ಲಿಗೂ ಬಗೆಹರಿಯದಿದ್ದರೆ ಎನ್‌ಕ್ಯಾಟ್ ಎನ್ನುವ ಟ್ರಿಬ್ಯುನಲ್. 5 ಲಕ್ಷ ಡಾಲರ್‌ವರೆಗಿನ ಮನೆ ಕಟ್ಟಡದ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಸ್ಕಾಟ್ ಶೆಡ್ಯೂಲ್ ಎಂಬ ಕೋಷ್ಟಕ ಕೇಳುತ್ತಾರೆ. ಒಂದೊಂದು ದೋಷಕ್ಕೆ ಒಂದೊಂದು ಸಾಲು. ನಿಮ್ಮ ಮಾತು, ಸರಿಪಡಿಸುವ ಖರ್ಚು, ಬಿಲ್ಡರ್‌ನ ಉತ್ತರ ಒಂದರ ಪಕ್ಕ ಒಂದು. ಅದನ್ನು ಈಗಿನಿಂದಲೇ ಒಂದು ನೋಟ್‌ಪುಸ್ತಕದಲ್ಲಿ ತುಂಬುತ್ತಾ ಹೋಗಿ. ದೊಡ್ಡ ವಕೀಲರಿಲ್ಲದೆ ಸಾಮಾನ್ಯ ಮನುಷ್ಯ ತನ್ನ ಮನೆಯ ಪರವಾಗಿ ತಾನೇ ಮಾತನಾಡಬಲ್ಲ ಜಾಗ ಅದು. ಅಲ್ಲಿ ಸೋತು ಬಂದರೂ ಅದರ ಬಗ್ಗೆ ನನಗೆ ಗೌರವವಿದೆ.

ಇನ್ಶೂರೆನ್ಸ್‌ನಿಂದಲೇ ಕೇಳಬಹುದೇ ಎಂದಿದ್ದೀರಿ. ಹೋಮ್ ಬಿಲ್ಡಿಂಗ್ ಕಾಂಪೆನ್ಸೇಶನ್ ಕವರ್ ಬಿಲ್ಡರ್ ದಿವಾಳಿಯಾದಾಗ, ಸತ್ತಾಗ, ಕಾಣೆಯಾದಾಗಿನಂತಹ ಕೊನೆಯ ದಾರಿ. ಸದ್ಯಕ್ಕೆ ಆ ಕಾಗದವನ್ನು ಜೋಪಾನವಾಗಿಡಿ.

ಇನ್ನೊಂದು ಮಾತು. 2018ರ ಕ್ರಿಸ್‌ಮಸ್ ಹಿಂದಿನ ದಿನ ಸಿಡ್ನಿ ಒಲಿಂಪಿಕ್ ಪಾರ್ಕಿನ ಓಪಲ್ ಟವರ್‌ನಲ್ಲಿ ಬಿರುಕು ಕಂಡು, ವಾಸಿಸುವವರನ್ನೆಲ್ಲ ಹೊರಗೆ ಕಳಿಸಿದರು. ಮರುವರ್ಷದ ಯುಗಾದಿ ಕೂಟದಲ್ಲಿ ಆ ಮಾತು ಬಂದಾಗ, ನಮ್ಮಿಂದ ಮೂರು ಬೀದಿ ಆಚೆಯ ಕನ್ನಡದ ಕುಟುಂಬವೊಂದು ಮೆಲ್ಲಗೆ ಬಾಯಿ ಬಿಟ್ಟಿತು. ಅದೇ ಬಿಲ್ಡರ್, ಅದೇ ವರ್ಷ, ಅದೇ ಶವರ್. ಅವರೂ ಅತಿಥಿಗಳು ಬಂದಾಗ ಒದ್ದೆಯ ಮೇಲೆ ಮ್ಯಾಟ್ ಹಾಕಿ ಮುಚ್ಚುತ್ತಿದ್ದರಂತೆ. ಅವರ ಬಳಿ ಫೋಟೊ ಇತ್ತು, ಪತ್ರಗಳಿದ್ದವು, ಒಬ್ಬರೇ ಹೋಗುವ ಧೈರ್ಯವಿರಲಿಲ್ಲ. ನನ್ನ ಬಳಿ ಧೈರ್ಯವೊಂದೇ ಇತ್ತು. ಒಂದೇ ಭಾಷೆ ಆಡುವ ಎರಡು ಮನೆಗಳು ಮಾನಕ್ಕೆ ಅಂಜಿ ಎರಡು ವರ್ಷ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡೆವು. ಹಣ ಹೋದದ್ದನ್ನು ಮರೆತಿದ್ದೇನೆ, ಇದನ್ನು ಮರೆಯಲು ಆಗಿಲ್ಲ.

ಇಂದಿನಿಂದಲೇ ಆ ಶವರ್ ನಿಲ್ಲಿಸಿ ಕೆಳಗಿನದನ್ನು ಬಳಸಿ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದೂ ಕಾನೂನಿನ ಪ್ರಕಾರ ನಿಮ್ಮ ಹೊಣೆ. ರಾತ್ರಿ ಪತ್ರ ಬರೆಯಿರಿ. ಶನಿವಾರ ನಿಮ್ಮ ಬೀದಿಯಲ್ಲಿ ಅದೇ ಬಿಲ್ಡರ್ ಕಟ್ಟಿದ ಮನೆಗಳ ಬಾಗಿಲು ತಟ್ಟಿ, ಅವರ ಗೋಡೆಯೂ ಒದ್ದೆಯೇ ಎಂದು ಕೇಳಿ.