ಪ್ರತಿಕ್ರಿಯೆ: ಕೂಸಿಗೆ ಅಷ್ಟೊಂದು ಪರೀಕ್ಷೆ ಏಕೆ?

ಸಿಂಧನೂರಿನ ಕಡೆಯ ಅಂಗನವಾಡಿ ಕಾರ್ಯಕರ್ತೆ ಎಂದಿದ್ದೀರಿ. ನಾಲ್ಕು ತಿಂಗಳ ಕೂಸಿನ ಕೆನ್ನೆ ಕಂದಿದ್ದಕ್ಕೆ ರಾಯಚೂರಿನ ವೈದ್ಯರು ಮೈಯೆಲ್ಲ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿದ್ದು ಅತಿಯಾಯಿತೇ ಎಂಬುದು ನಿಮ್ಮ ಪ್ರಶ್ನೆ. ಖಂಡಿತ ಇಲ್ಲ. ಆ ವಯಸ್ಸಿನ ಕೂಸು ಅಂಬೆಗಾಲಿಟ್ಟು ಎಡವಿ ಬೀಳುವುದಿಲ್ಲವಲ್ಲ! ಹಾಗಾಗಿ ಯಾರಾದರೂ ಹೊಡೆದಿರಬಹುದೇ ಎಂದು ವೈದ್ಯರು ನೋಡಲೇಬೇಕು. ಹೊರಗೆ ಕಾಣದ, ಮಾಯುತ್ತಿರುವ ಹಳೆಯ ಮೂಳೆ ಮುರಿತ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ. ರಕ್ತಪರೀಕ್ಷೆ ಮನೆಯವರ ಪರವಾಗಿಯೂ ನುಡಿಯಬಲ್ಲದು: ರಕ್ತ ಹೆಪ್ಪುಗಟ್ಟದ ಕಾಯಿಲೆಯಿದ್ದರೂ ಮೈ ಕಂದುತ್ತದೆ. ಬೆನ್ನಿನ ಕೆಳಗೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆಯನ್ನು ಪೆಟ್ಟು ಎಂದುಕೊಳ್ಳುವವರಿದ್ದಾರೆ. ಆ ಮಚ್ಚೆ ಪೆಟ್ಟಿನ ಗುರುತಿನಂತೆ ಮಾಸದೆ, ವಾರ ಕಳೆದರೂ ಹಾಗೇ ಇರುತ್ತದೆ. ಗಾಯದ ಬಣ್ಣ ನೋಡಿ ಪೆಟ್ಟು ಬಿದ್ದ ದಿನ ಹೇಳುವವರನ್ನು ಮಾತ್ರ ನಂಬಬೇಡಿ. ಹೊಡೆದವರು ಯಾರೆಂದು ವೈದ್ಯರು ತೀರ್ಮಾನಿಸುವುದಿಲ್ಲ. ಮನೆಯವರು ಹೇಳಿದ ಕಾರಣ ಗಾಯಕ್ಕೆ ಹೊಂದುತ್ತದೆಯೇ ಎಂದಷ್ಟೇ ನೋಡುತ್ತಾರೆ. ನಿಮಗಿನ್ನೂ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಸಾಕ್ಷ್ಯ ಹುಡುಕುತ್ತಾ ಕೂರಬೇಡಿ.