ಗ್ರೂಪ್ ಅಸೈನ್‌ಮೆಂಟು, ಬರೆಯೋದು ಮಾತ್ರ ಒಬ್ಳೇ!

ಪ್ರಶ್ನೆ: ಸಾರ್, ಬೆಂಗಳೂರಿನ ಒಂದು ಡಿಗ್ರಿ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ನಾನು. ಐದು ಜನಕ್ಕೆ ಒಂದು ಅಸೈನ್‌ಮೆಂಟ್ ಕೊಟ್ರೆ ಒಬ್ಳು ಬರೀತಾಳೆ, ಉಳಿದವ್ರು ಹೆಸರು ಸೇರಿಸ್ತಾರೆ. ಏನ್ ಮಾಡ್ಲಿ?
– ಓದುಗರೊಬ್ಬರು, ವಿಜಯನಗರ

ಉತ್ತರ: ಮೇಡಂ, ತಪ್ಪು ಬರೀ ಮಕ್ಕಳದ್ದಲ್ಲ, ಒಬ್ಬರಿಂದ ಮುಗಿಯೋ ಕೆಲಸಾನ ಐದು ಜನ ಯಾಕ್ ಮಾಡ್ತಾರೆ ಹೇಳಿ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಜಿಗ್ಸಾ ಅಂತ ಒಂದು ವಿಧಾನ ಶುರು ಮಾಡಿದ್ರು, ಅಂದ್ರೆ ಟಾಪಿಕ್ಕನ್ನ ತುಂಡು ಮಾಡಿ ಗುಂಪಲ್ಲಿ ಒಬ್ಬೊಬ್ರಿಗೆ ಒಂದೊಂದು ಭಾಗ ಕೊಡೋದು; ಶಾಲೆ ಮಕ್ಕಳಿಗೆ ಮಾಡಿದ್ದು, ಆದ್ರೆ ಡಿಗ್ರಿಯವ್ರಿಗೂ ನಡೆಯುತ್ತೆ. ಬೆಳ್ಳಂದೂರು ಕೆರೆ ಟಾಪಿಕ್ ಅಂದ್ಕೊಳ್ಳಿ: ಕೊಳಚೆ ಎಲ್ಲಿಂದ ಬರುತ್ತೆ ಅನ್ನೋದು ಒಬ್ಳಿಗೆ, ನೊರೆ ಯಾಕ್ ಏಳುತ್ತೆ ಇನ್ನೊಬ್ನಿಗೆ, ಹಸಿರು ನ್ಯಾಯಮಂಡಳಿ ಏನ್ ಹೇಳ್ತು ಮತ್ತೊಬ್ಳಿಗೆ, ಹೀಗೆ. ಎಲ್ಲಾ ಗುಂಪಿನಲ್ಲೂ ನೊರೆ ಭಾಗ ಸಿಕ್ಕವ್ರು ಮೊದ್ಲು ಒಟ್ಟಿಗೆ ಕೂತು ಓದ್ಕೊಂಡು ಆಮೇಲೆ ತಮ್ತಮ್ಮ ಗುಂಪಿಗೆ ವಾಪಸ್ ಬಂದು ಪಾಠ ಮಾಡ್ಬೇಕು, ಅವ್ನು ಹೇಳ್ದಿದ್ರೆ ಆ ಭಾಗ ಯಾರಿಗೂ ಸಿಗಲ್ಲ. ಟೆಸ್ಟ್ ಮಾತ್ರ ಪೂರ್ತಿ ಟಾಪಿಕ್ ಮೇಲೆ, ಒಬ್ಬೊಬ್ರಿಗೇ. ಬರವಣಿಗೆ ಗೂಗಲ್ ಡಾಕ್ಸಲ್ಲಿ ಮಾಡ್ಸಿ, ವರ್ಷನ್ ಹಿಸ್ಟರೀಲಿ ಯಾರು ಯಾವಾಗ ಏನ್ ಬರೆದ್ರು ಕಾಣುತ್ತೆ (ಎಲ್ಲಿಂದಲೋ ತಂದು ಪೇಸ್ಟ್ ಮಾಡೋ ಶೂರರು ಇರ್ತಾರೆ, ಅವ್ರಿಗೆ ಎರಡು ಪ್ರಶ್ನೆ ಬಾಯಲ್ಲೇ ಕೇಳಿಬಿಡಿ).